ತೋಟ ಮಾರೋದಾ ಬೇಡ್ವಾ, ಪ್ರಾರ್ಥನೆ ಮಾಡಿ ನಾವು ತೀರ್ಮಾನಕ್ಕೆ ಬಂದಿದ್ದು ಹೀಗೆ

ನಮ್ದು ಸಕಲೇಶಪುರ ತಾಲೂಕಲ್ಲಿ ಸಣ್ಣ ಕಾಫಿ ತೋಟ, ರೊಬಸ್ಟಾನೇ ಜಾಸ್ತಿ, ಸಿಲ್ವರ್ ಮರಕ್ಕೆ ಮೆಣಸು ಹಬ್ಸಿದೀವಿ. ಅಪ್ಪ ತೀರ್ಕೊಂಡ್ಮೇಲೆ ಬ್ಯಾಂಕ್ ಸಾಲ ಹಾಗೇ ನಿಂತಿತ್ತು, ಆನೆ ಕಾಟ ಬೇರೆ. ನಾನು ಹಾಸನದಲ್ಲಿ ಟೀಚರ್, ತಮ್ಮ ಬೆಂಗಳೂರಲ್ಲಿ, ತೋಟದ ಮನೇಲಿ ಅಮ್ಮ ಒಬ್ರೇ. 2020ರಲ್ಲಿ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಆಗಿ ಬೇಸಾಯ ಮಾಡ್ದೇ ಇರೋರೂ ಜಮೀನು ತಗೋಬಹುದು ಅಂತ ಆಯ್ತಲ್ಲ, ಆಮೇಲೆ ನಮ್ಮ ಕಡೆ ರೆಸಾರ್ಟ್ ಮಾಡ್ತೀವಿ ಅಂತ ಕಾರಲ್ಲಿ ಬರೋರು ಜಾಸ್ತಿ ಆದ್ರು, ಅಂಥದ್ದೇ ಒಂದು ಪಾರ್ಟಿ ನಮ್ಮನೆಗೂ ಬಂತು. ರೇಟು ಚೆನ್ನಾಗಿತ್ತು. ಕಂಡೀಷನ್ ಎರಡು: ಅರ್ಧಕ್ಕಿಂತ ಜಾಸ್ತಿ ಬ್ಲ್ಯಾಕ್‌ನಲ್ಲಿ ಕೊಟ್ಟು ರಿಜಿಸ್ಟರ್‌ಗೆ ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ಸರ್ಕಾರ ಗೊತ್ತುಮಾಡಿರೋ ಕನಿಷ್ಠ ಬೆಲೆ, ಅಷ್ಟೇ ತೋರಿಸೋದು, ತೋಟದ ಕೂಲಿಯವರು ವಾಸ ಇರೋ ಲೈನ್ ಮನೆಗಳನ್ನ ನಾವೇ ಖಾಲಿ ಮಾಡಿಸಿ ಕೊಡೋದು.

ಸೈನ್ ಮೂರೂ ಜನದ್ದು ಬೇಕಿತ್ತು. ಅಪ್ಪ ವಿಲ್ ಬರೆದಿರಲಿಲ್ಲ, ಕ್ರಿಶ್ಚಿಯನ್ನರಾದ ನಮಗೆ 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮನಿಗೆ ಮೂರನೇ ಒಂದು ಭಾಗ, ಉಳಿದಿದ್ದು ಮಕ್ಕಳಿಗೆ, ಗಂಡು ಹೆಣ್ಣು ಅನ್ನೋ ಭೇದ ಇಲ್ದೆ ಸಮ. ಹಾಗಾಗಿ ನೀವೇ ನೋಡ್ಕೊಳ್ಳಿ ಅಂತ ನಾನು ಪಕ್ಕಕ್ಕೆ ಸರಿಯೋ ಹಾಗಿರಲಿಲ್ಲ.

ಹಿಂದೆ ಒಂದು ರಿಟ್ರೀಟ್‌ನಲ್ಲಿ (ಪ್ರಾರ್ಥನೆ, ಧ್ಯಾನದ ಶಿಬಿರ) ಜೆಸ್ವಿಟ್ ಸಭೆ ಶುರುಮಾಡಿದ ಲೊಯೋಲಾದ ಸಂತ ಇಗ್ನೇಷಿಯಸ್ ಅವರು ತೀರ್ಮಾನ ತಗೊಳೋದ್ರ ಬಗ್ಗೆ ಹೇಳಿದ್ದನ್ನ ಕೇಳಿದ್ದೆ, ನೋಟ್ಸ್ ಮಾಡ್ಕೊಂಡಿದ್ದೆ, ಅದನ್ನ ಹುಡುಕಿ ತೆಗೆದೆ. ಅವರು ಇಡೋ ಮೊದಲನೇ ಷರತ್ತೇ ನಮ್ಮ ಅರ್ಧ ತಲೆನೋವು ಕಳೀತು. ಯಾವುದನ್ನ ಆರಿಸ್ಕೊಳ್ಳೋದು ಅಂತ ದೇವರ ಹತ್ರ ಕೇಳ್ಬೇಕಾದ್ರೆ ಮುಂದಿರೋ ದಾರಿಗಳೆಲ್ಲ ಒಳ್ಳೇದಾಗಿರಬೇಕು, ಇಲ್ಲಾಂದ್ರೆ ಕೊನೇಪಕ್ಷ ಕೆಟ್ಟದ್ದಾಗಿರಬಾರದು. ಕೆಟ್ಟದ್ದನ್ನ ಮಾಡ್ಲಾ ಬೇಡ್ವಾ ಅಂತ ಪ್ರಾರ್ಥನೆ ಮಾಡೋ ಪ್ರಶ್ನೇನೇ ಇಲ್ಲ, ಅದಕ್ಕೆ ಉತ್ತರ ಆಗ್ಲೇ ಕೊಟ್ಟಾಗಿದೆ. ಪತ್ರದಲ್ಲಿ ಒಂದು ಮೊತ್ತ ಬರೆದು ಕೈಯಲ್ಲಿ ಇನ್ನೊಂದು ತಗೊಳೋದು ಸುಳ್ಳು, ಮತ್ತಾಯ 5:37ರಲ್ಲಿ ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ ಅಂತ ಯೇಸುಸ್ವಾಮಿ ಹೇಳಿರೋದು ಸಬ್‌ರಿಜಿಸ್ಟ್ರಾರ್ ಆಫೀಸಲ್ಲೂ ನಡೀಬೇಕಲ್ವಾ. ಕಾನೂನೂ ಅಷ್ಟೆ, 2015ರಿಂದ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಕ್ಯಾಶ್ ತಗೊಳೋ ಹಾಗಿಲ್ಲ. "ಅಕ್ಕಾ, ಎಲ್ರೂ ಮಾಡ್ತಾರೆ, ನಾವೇನು ಹೊಸ್ದಾಗಿ ಮಾಡ್ತಿದೀವಾ" ಅಂದ ತಮ್ಮ. ಎಲ್ರೂ ಮಾಡೋದು ನಿಜ, ಚರ್ಚ್‌ಗೆ ಬರೋರೂ ಮಾಡ್ತಾರೆ. ಆದ್ರೂ ಆ ಪಾರ್ಟೀನ ವಾಪಸ್ ಕಳಿಸಿದ್ವಿ, ಅಮ್ಮ ನನ್ನ ಕಡೆ ನಿಂತಿದ್ದಕ್ಕೆ ಅದು ಆಯ್ತು.

ಅಸಲಿ ಕಷ್ಟ ಶುರುವಾಗಿದ್ದು ಆಮೇಲೆ. ನ್ಯಾಯವಾಗಿ ಮಾರೋದೂ ತಪ್ಪಲ್ಲ, ಇಟ್ಕೊಳ್ಳೋದೂ ತಪ್ಪಲ್ಲ, ಈಗೇನು ಮಾಡೋದು? ಕೆಲವರು ಕಣ್ಮುಚ್ಚಿ ಬೈಬಲ್ ತೆಗೆದು ಬೆರಳಿಟ್ಟ ವಾಕ್ಯಾನೇ ದೇವರ ಉತ್ತರ ಅಂತಾರೆ, ನನಗೆ ಅದ್ರಲ್ಲಿ ನಂಬಿಕೆ ಇಲ್ಲ, ದೇವರು ಬುದ್ಧಿ ಕೊಟ್ಟಿರೋದು ಯಾತಕ್ಕೆ ಮತ್ತೆ. ಲೂಕ 14:28ರಲ್ಲಿ ಗೋಪುರ ಕಟ್ಟೋನು ಮೊದ್ಲು ಕೂತು ಖರ್ಚು ಲೆಕ್ಕ ಹಾಕ್ತಾನೆ. ನಾವೂ ಹಾಕಿದ್ವಿ: ಸಾಲದ ಕಂತು, ಬಡ್ಡಿ, ಕೊಯ್ಲಿನ ಕೂಲಿ, ಅಮ್ಮನ ಔಷಧಿ, ಹಾಸನಕ್ಕೆ ಓಡಾಟ. ನೋಟ್‌ಬುಕ್‌ನಲ್ಲಿ ಒಂದು ಕಡೆ ಮಾರಿದ್ರೆ ಆಗೋ ಲಾಭ ತೊಂದ್ರೆ, ಇನ್ನೊಂದು ಕಡೆ ಮಾರ್ದೇ ಇದ್ರೆ ಆಗೋ ಲಾಭ ತೊಂದ್ರೆ. ಬರ್ದಿದ್ದೆಲ್ಲಾ ಒಂದೇ ತೂಕದ್ದಲ್ಲ ಅಂತ ಫಾದರ್ ಹೇಳಿದ್ರು, ಹೀಗೇ ಮಾಡಿ ಅಂತ ಮಾತ್ರ ಎಷ್ಟು ಕೇಳಿದ್ರೂ ಹೇಳ್ಲಿಲ್ಲ.

ಮನಸ್ಸು ಕುಗ್ಗಿದಾಗ, ಪ್ರಾರ್ಥನೆಯೇ ಒಣಗಿದಂಗಿರುವಾಗ, ಹಿಂದೆ ಮಾಡಿದ ತೀರ್ಮಾನ ಬದಲಾಯಿಸಬೇಡಿ ಅನ್ನೋದು ಇಗ್ನೇಷಿಯಸ್ ಅವರ ಇನ್ನೊಂದು ನಿಯಮ. ರಾತ್ರಿ ಆನೆ ಬಂದು ಗಿಡ ಮುರಿದುಹೋದ ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ರೆ, ಮಾರಿಬಿಡೋಣ ಅಂತ ಬಾಯಿಗೆ ಬರೋದು, ಆವತ್ತು ಆ ವಿಷಯ ಎತ್ತಬಾರದು ಅಂತ ನಮ್ಮಲ್ಲಿ ಮಾತಾಗಿತ್ತು. ಅದೇ ರೀತಿ ಮೆಣಸಿಗೆ ಒಳ್ಳೆ ರೇಟ್ ಬಂದ ದಿನಾನೂ ಎತ್ತಬಾರದು. ಇದು ಅವರ ನಿಯಮ ಅಲ್ಲ, ನಾನೇ ಸೇರಿಸ್ಕೊಂಡಿದ್ದು.

ನನಗೆ ತುಂಬಾ ಉಪಯೋಗ ಆಗಿದ್ದು ಮಾತ್ರ ಬೇರೆ. ನೀವು ಯಾವತ್ತೂ ನೋಡಿರದ ಒಬ್ಬ ಮನುಷ್ಯ ಇದೇ ಸಮಸ್ಯೆ ತಗೊಂಡು ಬಂದ್ರೆ, ಅವನಿಗೆ ಒಳ್ಳೇದಾಗಲಿ ಅಂತಷ್ಟೇ ಯೋಚಿಸಿ ಏನು ಹೇಳ್ತೀರೋ ಅದನ್ನ ನೀವೇ ಮಾಡಿ ಅಂತಾರೆ ಇಗ್ನೇಷಿಯಸ್. ಹಾಗೆ ಯೋಚಿಸಿದಾಗ ಸಾಲ ಇಟ್ಕೊಂಡು ಪೂರ್ತಿ ತೋಟ ಹಿಡ್ಕೊಂಡು ಕೂರು ಅಂತ ಯಾರಿಗೂ ಹೇಳೋಕೆ ನನಗೆ ಬಾಯಿ ಬರಲಿಲ್ಲ, ಲೈನ್ ಮನೆಯೋರನ್ನ ಎಬ್ಬಿಸು ಅಂತಾನೂ ಬರಲಿಲ್ಲ. ಕೂಲಿಯವರ ಕೂಗು ದೇವರ ಕಿವಿಗೆ ಮುಟ್ಟುತ್ತೆ ಅಂತ ಯಾಕೋಬ 5:4ರಲ್ಲಿ ಇದೆಯಲ್ಲ, ಅದು ಕೂಲಿ ಹಿಡಿದಿಟ್ಟುಕೊಂಡ ವಿಷಯ ಸರಿ, ಆದ್ರೂ ಅಪ್ಪನ ಕಾಲದಿಂದ ನಮ್ಮ ಕಾಫಿ ಕುಯ್ದೋರು ಅವ್ರು.

ಅಮ್ಮ ಜಾಗ ಬಿಡೋಕೆ ಒಪ್ಪಲ್ಲ ಅಂತ ನಾವಿಬ್ರೂ ಅಂದ್ಕೊಂಡಿದ್ವಿ. ಅಮ್ಮನ ತವರು ಶೆಟ್ಟಿಹಳ್ಳಿ ಕಡೆ, ಈಗ ಎಲ್ರೂ ಫೋಟೋ ತೆಗೆಯೋಕೆ ಹೋಗ್ತಾರಲ್ಲ, ಗೊರೂರು ಡ್ಯಾಮ್ ನೀರಲ್ಲಿ ಮುಳುಗೋ ಹಳೇ ಚರ್ಚು, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಅಲ್ಲಿ. ಹೇಮಾವತಿ ನೀರು ಬರುತ್ತೆ ಅಂತ ಊರು ಬಿಟ್ಟ ಮನೆಯೋರು ಅವ್ರು. ಅಮ್ಮ ಹೇಳಿದ್ದು ಇಷ್ಟೇ: "ಊರು ಹೋಯ್ತು, ಚರ್ಚ್ ಹೋಯ್ತು, ನಾವು ಪೂಜೆ ಬಿಟ್ವಾ? ತೋಟ ತೋಟವೇ, ದೇವರಲ್ಲ. ಆದ್ರೆ ಆ ಲೈನ್ ಮನೆ ಮಕ್ಕಳನ್ನ ರೋಡಿಗೆ ಹಾಕಬೇಡಿ ಕಣ್ರೇ."

ಕೊನೆಗೆ ಕೆಳಗಡೆ ಭಾಗ ಮಾತ್ರ ಪಕ್ಕದ ತೋಟದವರಿಗೇ ಕೊಟ್ವಿ, ಪೂರ್ತಿ ಬ್ಯಾಂಕ್ ಮೂಲಕ, ಆ ಪಾರ್ಟಿ ಹೇಳಿದ್ದಕ್ಕಿಂತ ತುಂಬಾ ಕಮ್ಮಿ ರೇಟಿಗೆ. ಮನೆ, ಲೈನ್, ಮೇಲಿನ ತೋಟ ಉಳೀತು. ಒಪ್ಪಿದ ತಕ್ಷಣ ಅಗ್ರಿಮೆಂಟ್ ಮಾಡಿಸ್ಲಿಲ್ಲ, ಆ ತೀರ್ಮಾನಾನ ದೇವರ ಮುಂದೆ ಇಟ್ಟು ಸ್ವಲ್ಪ ದಿನ ಕಾದ್ವಿ, ಮನಸ್ಸಲ್ಲಿ ತಳಮಳ ಎದ್ರೆ ಮತ್ತೆ ಕೂತು ಮಾತಾಡೋದು ಅಂತ. ಬೇಜಾರಿತ್ತು, ತಳಮಳ ಇರ್ಲಿಲ್ಲ, ಇವೆರಡೂ ಬೇರೆ ಬೇರೆ ಅಂತ ಅನುಭವಿಸಿದ್ಮೇಲೇ ಗೊತ್ತಾಗೋದು.

ಸಾಲ ಪೂರ್ತಿ ತೀರಿಲ್ಲ, ನನ್ನ ಸಂಬಳದಿಂದ ಕಂತು ಹೋಗ್ತಿದೆ. ತಮ್ಮ ಸೈನ್ ಹಾಕಿದ, ಆದ್ರೆ ಆ ರೇಟ್ ಬಿಟ್ವಿ ಅನ್ನೋದು ಅವನಿಗೆ ಇನ್ನೂ ಇಳಿದಿಲ್ಲ, ಕ್ರಿಸ್ಮಸ್‌ಗೆ ಬಂದಾಗೆಲ್ಲ ಒಂದ್ಸಲ ಎತ್ತೇ ಎತ್ತುತಾನೆ, ಅಮ್ಮ ಮಾತು ಬದಲಾಯಿಸಿ ಊಟಕ್ಕೆ ಕೂರಿಸ್ತಾರೆ.