ರಿಜಿಸ್ಟರ್ ಈಗ ಡ್ರಾದಲ್ಲಿದೆ

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅರಿವು ಕೇಂದ್ರದ, ಅಂದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಪಂಚಾಯ್ತಿ ಹತ್ತಿರವಾದ ಮೇಲೆ ಊರ ಹಿರಿಯರ ಮಾತೂ ಹತ್ತಿರವಾಯಿತು.

ಒಂದು ಸಂಜೆ ಹಿರಿಯರೊಬ್ಬರು ತೆಳ್ಳನೆಯ ಪುಸ್ತಕ ತಂದು ಟೇಬಲ್ ಮೇಲಿಟ್ಟರು. ಹುಡುಗಿಯರು ದೊಡ್ಡವರಾಗುವಾಗ ಮೈಯಲ್ಲಿ ಏನಾಗುತ್ತದೆ, ಮುಟ್ಟು ಅಂದರೇನು ಅಂತ ಚಿತ್ರ ಸಮೇತ ತಿಳಿಸುವ ಪುಸ್ತಕ. "ಇಂಥಾದ್ದೆಲ್ಲ ಇಲ್ಲಿ ಯಾಕ್ರೀ ಅಕ್ಕಾರ? ತೆಗೀರಿ" ಅಂದರು. ಅವರು ಹೋದ ಮೇಲೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸರ್ಕಾರ ಬೇಡ ಅಂದಿರಲಿಲ್ಲ, ಪಂಚಾಯ್ತಿಯೂ ಅಂದಿರಲಿಲ್ಲ. ಒಬ್ಬರು ಗದರಿದ್ದಕ್ಕೇ ಹೆದರಿಬಿಟ್ಟಿದ್ದೆ.

ನಾಲ್ಕು ದಿನ ಕಳೆದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಆ ಪುಸ್ತಕ ಇದ್ದ ಸಾಲಿನ ಮೇಲೆ ಎರಡು ಸಲ ಬೆರಳಾಡಿಸಿದಳು. ಏನೂ ಕೇಳದೆ ಹೊರಟಳು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗರಿಗೂ ಅವರ ಪುಸ್ತಕ. ಬಾಯಿಪಾಠ ಮಾಡಿದ್ದ ಮಾತು. ಆ ಓದುಗಿ ಇವಳೇ ಅಲ್ವಾ?

ಮರುದಿನವೇ ಪುಸ್ತಕ ರ‍್ಯಾಕಿಗೆ ವಾಪಸ್. ಹಿರಿಯರನ್ನು ಕರೆಸಿ ಚಹಾ ತರಿಸಿದೆ. "ಕಾಕಾರ, ಪೂರ್ತಿ ಓದ್ರಿ. ಯಾವ ಪುಟ ಸರಿಯಿಲ್ಲ ಅಂತ ಬರೆದುಕೊಡ್ರಿ, ಸಭೆ ಮುಂದ ಇಡ್ತೀನಿ." ಅರ್ಧ ತಾಸು ಕೂತು ಓದಿದರು. ಬರೆದುಕೊಡಲಿಲ್ಲ, ಒಪ್ಪಲೂ ಇಲ್ಲ. "ನನ್ನ ಮೊಮ್ಮಗಳಿಗೆ ಕೊಡಬ್ಯಾಡ್ರಿ" ಅಂದರು. "ನಿಮ್ಮ ಮನಿ ಮಗುವಿಗೆ ನೀವು ಹೇಳ್ರಿ. ಆದ್ರ ಎಲ್ಲಾರ ಮನಿ ತೆರಿಗೆಯಾಗೂ ಗ್ರಂಥಾಲಯ ಕರ ಐತಿ. ಉಳಿದ ಮಕ್ಕಳಿಗೆ ಇಲ್ಲ ಅನ್ನಾಕ ನನಗ ಬರಂಗಿಲ್ಲ" ಅಂದೆ.

ಆಗಲೇ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಎರವಲು ರಿಜಿಸ್ಟರ್ ಟೇಬಲ್ ಮೇಲೆ ತೆರೆದೇ ಇರುತ್ತಿತ್ತು. ಹೆಸರು, ಪುಸ್ತಕ, ಸಹಿ, ಎಲ್ಲ ಒಂದೇ ಸಾಲಿನಲ್ಲಿ. ಪೇಪರ್ ಓದಲು ಬಂದವರು ಸುಮ್ನೆ ಹಾಳೆ ತಿರುವಿ, "ಓಹೋ, ಇಕಿ ಇದನ್ನ ಓದ್ತಾಳೇನು?" ಅನ್ನುತ್ತಿದ್ದರು. ಹೀಗಿದ್ದರೆ ಯಾವ ಹುಡುಗಿ ತನ್ನ ಹೆಸರು ಬರೆಸುತ್ತಾಳೆ? ಈಗ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಪುಸ್ತಕದ ಹೆಸರಿಲ್ಲ, ನಂಬರ್ ಮಾತ್ರ. ರಿಜಿಸ್ಟರ್ ಡ್ರಾದಲ್ಲಿ, ಕೀಲಿ ನನ್ನ ಹತ್ತಿರ. ಮನೆಯವರು ಬಂದು ಕೇಳಿದರೂ ತೋರಿಸಲ್ಲ.

ಆ ಪುಸ್ತಕದ ಮೂಲೆಗಳು ಈಗ ಮೆತ್ತಗಾಗಿವೆ, ರಟ್ಟು ಕಿತ್ತು ಬಂದಿದೆ. ನಿನ್ನೆ ಗೋಂದು ಹಚ್ಚಿ, ಮೇಲೆ ಎರಡು ದಪ್ಪ ನಿಘಂಟು ಇಟ್ಟು ಬಂದಿದ್ದೇನೆ.