ಮೀನಿನ ಟ್ಯಾಂಕಿಗೆ ಥರ್ಮಾಕೋಲ್ ಸ್ವೆಟರ್

ಧಾರವಾಡದ ಚಳಿಯಲ್ಲಿ ಬೇಸ್‌ಮೆಂಟಿನಲ್ಲಿ ಮೀನಿನ ಟ್ಯಾಂಕ್ ಇಟ್ಟಿದ್ದೀರಾ? ಹಿಂಬದಿಗೆ, ಎರಡೂ ಪಕ್ಕಕ್ಕೆ ಥರ್ಮಾಕೋಲ್ ಅಂಟಿಸಿ, ಮೇಲೆ ಗಾಜಿನ ಮುಚ್ಚಳ ಹಾಕಿ. ಹೀಟರ್ ಕಡಿಮೆ ಹೊತ್ತು ಉರಿಯುತ್ತದೆ, ಬಿಲ್ಲೂ ಇಳಿಯುತ್ತದೆ. ಹೊಸ ಶೀಟ್ ಬೇಕಿಲ್ಲ, ಟಿವಿ ಡಬ್ಬದಲ್ಲಿ ಬಂದಿದ್ದೇ ಸಾಕು. ಗಾಜಿನಿಂದ ಕಾವು ಸೋರುತ್ತದೆ, ನೀರು ಆವಿಯಾಗುವಾಗಲೂ ಬಹಳ ಹೋಗುತ್ತದೆ. ಎರಡನ್ನೂ ಇದು ತಡೆಯುತ್ತದೆ. ಗಾಳಿಗೆ ಒಂದು ಬೆರಳಷ್ಟು ಸಂದು ಬಿಡಿ. ಆದರೆ ಥರ್ಮಾಕೋಲ್ ತಾನಾಗಿ ಕಾವು ಕೊಡಲ್ಲ, ಅಲ್ವಾ? ಹೀಟರ್ ಇಲ್ಲದಿದ್ದರೆ, ಇಲ್ಲವೇ ರಾತ್ರಿಯಿಡೀ ಕರೆಂಟ್ ಹೋದರೆ ನೀರು ತಣ್ಣಗಾಗಿಯೇ ಆಗುತ್ತದೆ. ಗಪ್ಪಿ, ಫೈಟರ್‌ಗಳಿಗೆ 24ರಿಂದ 26 ಡಿಗ್ರಿ ಬೇಕು, ಹಾಗಾಗಿ ಒಂದು ಥರ್ಮಾಮೀಟರ್ ಇರಲಿ. ಗೋಲ್ಡ್‌ಫಿಶ್ ಮಾತ್ರ ಇದ್ದರೆ ಸುಮ್ನೆ ಬಿಡಿ, ಅದು ತಂಪು ನೀರಿನದೇ ಮೀನು.