ತಾಳಗುಪ್ಪ ಲೈನನ್ನೇ ಆರಿಸಿದ್ದು ಯಾಕೆ: ಮಾಡೆಲ್ ರೈಲು, ನನ್ನ ಅನುಭವ

ನನ್ನ ತಾಳಗುಪ್ಪ ಲೇಔಟ್, ಅಂದರೆ ಶಿವಮೊಗ್ಗ–ತಾಳಗುಪ್ಪ ರೈಲು ಲೈನಿನ ಕೊನೆಯ ನಿಲ್ದಾಣವನ್ನು ಮನೆಯಲ್ಲಿ ಸಣ್ಣದಾಗಿ ಕಟ್ಟಿದ ಮಾದರಿ, ಎರಡು ಮಳೆಗಾಲ ದಾಟಿತು. ಪ್ಲೈವುಡ್ ಸೊಟ್ಟಗಾಗಿಲ್ಲ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಗಾಡಿ ನಿಲ್ಲುವುದಿಲ್ಲ, ಮನೆಗೆ ಬಂದವರು ಕೂತು ನೋಡುತ್ತಾರೆ. ಶುರು ಮಾಡಿದಾಗ ಬೆಂಗಳೂರಿನ ನಮ್ಮ ಮಾಡೆಲ್ ರೈಲು ಗೆಳೆಯರಲ್ಲಿ ಒಬ್ಬರಿಗೂ ಇದು ಹಿಡಿಸಿರಲಿಲ್ಲ. "ತಾಳಗುಪ್ಪದಲ್ಲಿ ಏನಿದೆ ಸಾರ್? ಒಂದು ರೈಲ್‌ಬಸ್ ಬರುತ್ತೆ, ಹೋಗುತ್ತೆ. ಘಾಟಿ ಮಾಡಿ" ಅಂದವರೇ ಎಲ್ಲ. ಈಗ ಅವರಲ್ಲೇ ಇಬ್ಬರು, ಯಾವ ಲೈನ್ ಆರಿಸಿಕೊಳ್ಳಲಿ ಅಂತ ನನ್ನನ್ನು ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ. ವೈರಿಂಗ್, ಸೋಲ್ಡರಿಂಗ್, ಡಿಸಿಸಿ (ಇಂಜಿನ್ ಓಡಿಸುವ ಡಿಜಿಟಲ್ ವ್ಯವಸ್ಥೆ) ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಎಲ್ಲರ ಹಾಗೆ ನನ್ನದೂ ಮೊದಲು ಘಾಟಿಯೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 109 ಸೇತುವೆ, 50ಕ್ಕೆ 1ರ ಏರು. ನೋಡಿದವರಿಗೆ ಅದನ್ನು ಬಿಟ್ಟು ಬೇರೇನೂ ಬೇಡ ಅನ್ನಿಸುತ್ತದೆ. ಎರಡು ಸುರಂಗ, ಒಂದು ಉಕ್ಕಿನ ಸೇತುವೆ ಮಾಡಿದೆ. ಎಚ್‌ಒ ಸ್ಕೇಲಿನಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲು (1:87) ಅಳತೆಯಲ್ಲಿ, ಎರಡು ಅಮೆರಿಕನ್ ಡೀಸೆಲ್ ಇಂಜಿನ್ ತಂದು ನಮ್ಮ ರೈಲ್ವೆಯ ಬಣ್ಣ ಹೊಡೆದೆ. ಬೋಗಿಗಳನ್ನು ಬೇರೆ ಬೇರೆ ಕಡೆಯಿಂದ ಕೂಡಿಸಿದೆ. ಒಂದೂಮುಕ್ಕಾಲು ಲಕ್ಷದ ಹತ್ತಿರ ಖರ್ಚಾಯಿತು. 2020ರಲ್ಲಿ ಆಟಿಕೆ ಮೇಲಿನ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿದ್ದು ಎಲ್ಲರಿಗೂ ನೆನಪಿರಬೇಕು. ನನ್ನ ಕೊನೆಯ ಪಾರ್ಸೆಲ್ ಬಂದದ್ದು ಸರಿಯಾಗಿ ಆಮೇಲೆ.

ಕೊನೆಗೆ ಕೈಗೆ ಬಂದದ್ದೇನು? ಗುಡ್ಡದ ಒಂದು ತುಂಡು, ಅದರ ಒಂದು ತೂತಿನಿಂದ ಹೊರಬಂದು ಇನ್ನೊಂದಕ್ಕೆ ನುಗ್ಗುವ ಗಾಡಿ. ಹದಿನಾರು ಬೋಗಿಯ ಎಕ್ಸ್‌ಪ್ರೆಸ್ ಅಂದರೆ ಬೋಗಿಗೆ 24.5 ಸೆಂ.ಮೀ. ಹಿಡಿದು ಸುಮಾರು ನಾಲ್ಕು ಮೀಟರ್. ನನ್ನ ಕೋಣೆಯ ಉದ್ದನೆಯ ಗೋಡೆಯೇ ಮೂರೂವರೆ ಮೀಟರ್ ಇಲ್ಲ. ಐದು ಬೋಗಿಗೆ ಇಳಿಸಿದೆ. ಅದು ಘಾಟಿಯ ಗಾಡಿಯ ಹಾಗೆ ಕಾಣಲೇ ಇಲ್ಲ. ಮೇಲಾಗಿ ನಮ್ಮ ಬ್ರಾಡ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., 1:87ರಲ್ಲಿ 19.3 ಬರಬೇಕು. ಅಂಗಡಿಯಲ್ಲಿ ಸಿಗುವುದು 16.5ರ ಹಳಿ. ಬೋಗಿ ಹಳಿಗಿಂತ ಎಷ್ಟು ಹೊರಗೆ ಚಾಚಿದೆ ಅಂತ ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಅದೊಂದೇ ಕಾಣುತ್ತದೆ.

ಎಲ್ಲ ಬಿಚ್ಚಿದೆ. ಇಂಜಿನ್ ಎರಡನ್ನೂ ಮಾರಿದೆ, ಹಾಕಿದ ದುಡ್ಡಿನ ಅರ್ಧ ವಾಪಸ್ ಬಂತು.

ಅಲ್ಲಿಂದ ಮುಂದೆ ನಾನು ಲೈನ್ ಆರಿಸಿದ್ದು ಟೇಪು ಹಿಡಿದು. ನಮ್ಮ ರೈಲ್ವೆಯ ನಿಯಮದಲ್ಲಿ ತಿರುವಿಗೆ ಮಿತಿ ಇದೆ: ಬ್ರಾಡ್ ಗೇಜ್‌ಗೆ 10 ಡಿಗ್ರಿ, ಮೀಟರ್ ಗೇಜ್‌ಗೆ 16, ನ್ಯಾರೋ ಗೇಜ್‌ಗೆ 40. ಮೀಟರಿಗೆ ಇಳಿಸಿದರೆ ತ್ರಿಜ್ಯ 175, 109, 44 ಆಗುತ್ತದೆ. 87ರಿಂದ ಭಾಗಿಸಿ ನೋಡಿ. ಬ್ರಾಡ್ ಗೇಜ್ ತಿರುವಿಗೆ ಎರಡು ಮೀಟರ್ ತ್ರಿಜ್ಯ, ಅಂದರೆ ಗಾಡಿ ಒಮ್ಮೆ ಹಿಂದಿರುಗಲು ನಾಲ್ಕು ಮೀಟರ್ ಅಗಲದ ಕೋಣೆ. ಮೀಟರ್ ಗೇಜ್‌ಗೆ ಒಂದೂಕಾಲು ಮೀಟರ್. ನ್ಯಾರೋ ಗೇಜ್‌ಗೆ ಬರೀ ಅರ್ಧ ಮೀಟರ್. ಈ ಮೂರು ಅಂಕಿ ಕಾಗದದ ಮೇಲೆ ಬಿದ್ದ ಕೂಡಲೇ ನನ್ನ ಪಟ್ಟಿಯ ಮುಕ್ಕಾಲು ಭಾಗ ಹೋಯಿತು.

ಕ್ಯಾಸಲ್ ರಾಕ್–ಕುಳೆ ಘಾಟಿ ಹಿಂದೆ ಮೀಟರ್ ಗೇಜ್ ಆಗಿತ್ತಲ್ಲ, ಅದನ್ನೂ ನೋಡಿದೆ. 37ಕ್ಕೆ 1ರ ಏರು, ನಡುವೆ ದೂಧಸಾಗರ. ಆ ಜಲಪಾತದ ಎತ್ತರ 310 ಮೀಟರ್. ಎಚ್‌ಒದಲ್ಲಿ ಮೂರೂವರೆ ಮೀಟರ್! ನಮ್ಮ ಮನೆಯ ಸೂರು ಹತ್ತು ಅಡಿ. ಜಲಪಾತವನ್ನು ಕುಳ್ಳ ಮಾಡಿ ಇಡಲು ನನಗೆ ಮನಸ್ಸು ಬರಲಿಲ್ಲ.

ಬೆಂಗಳೂರು–ಚಿಕ್ಕಬಳ್ಳಾಪುರ–ಕೋಲಾರದ ಹಳೇ ನ್ಯಾರೋ ಗೇಜ್ ಲೈನು ನನ್ನನ್ನು ತುಂಬಾ ದಿನ ಹಿಡಿದಿಟ್ಟಿತು. ಎರಡೂವರೆ ಅಡಿ ಗೇಜು, ಅಂದರೆ 762 ಮಿ.ಮೀ. 1:87ರಲ್ಲಿ 8.76. ಎಚ್‌ಒಗಿಂತ ಸಣ್ಣದಾದ ಎನ್ ಸ್ಕೇಲಿನ 9 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ, ಈ ನಿಲ್ದಾಣಗಳ ಹಳೇ ಕಟ್ಟಡಗಳು ಇನ್ನೂ ನಿಂತಿವೆ. ಹೋಗಿ ಅಳೆಯಬಹುದು. ಹಿಂದೆ ನಂದಿ ಬೆಟ್ಟ, ಮುಂದೆ ರಾಗಿ ಹೊಲ, ದ್ರಾಕ್ಷಿ ತೋಟ. ಆದರೆ ಅಲ್ಲಿ ಓಡಿದ ಇಂಜಿನ್‌ಗಳ ಒಳ್ಳೆ ಡ್ರಾಯಿಂಗ್ ನನಗೆ ಸಿಗಲಿಲ್ಲ. ಡ್ರಾಯಿಂಗ್ ಕೈಯಲ್ಲಿ ಇರುವವರು ಯೋಚನೆ ಮಾಡದೆ ಇದನ್ನೇ ಹಿಡಿಯಿರಿ. ಸಣ್ಣ ಮನೆಗೆ ಇದಕ್ಕಿಂತ ಒಳ್ಳೆ ಲೈನು ಕರ್ನಾಟಕದಲ್ಲಿ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ.

ಉಳಿದದ್ದು ಶಿವಮೊಗ್ಗ–ತಾಳಗುಪ್ಪ. ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. 1940ರ ಹೊತ್ತಿಗೆ ಹಳಿ ತಾಳಗುಪ್ಪ ಮುಟ್ಟಿತು, ಅಲ್ಲಿಗೆ ಮುಗಿಯಿತು. ಮುಂದೆ ಜೋಗಕ್ಕೆ ರಸ್ತೆಯೇ ಗತಿ. ಬೀರೂರು–ಶಿವಮೊಗ್ಗ ಬ್ರಾಡ್ ಗೇಜ್ ಆದಮೇಲೆ ಈ ತುಂಡು ಒಂಟಿ ಮೀಟರ್ ಗೇಜ್ ಆಗಿ ಉಳಿಯಿತು, ಅದರ ಮೇಲೆ ರೈಲ್‌ಬಸ್ ಓಡಿತು. 2011ರ ಹೊತ್ತಿಗೆ ಅದೂ ಬ್ರಾಡ್ ಗೇಜ್ ಆಯಿತು.

ಲೈನು ಕೊನೆಯಾಗುವ ನಿಲ್ದಾಣಕ್ಕೆ ತಿರುವೇ ಬೇಡ. ಇದನ್ನು ಗೆಳೆಯರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಗೋಡೆಗೆ ಒಂದೂವರೆ ಅಡಿ ಅಗಲದ ಹಲಗೆ, ಒಂದು ತುದಿಯಲ್ಲಿ ತಾಳಗುಪ್ಪ, ಇನ್ನೊಂದು ತುದಿಯಲ್ಲಿ ಅಡಿಕೆ ತೋಟದ ಮರೆಯಲ್ಲಿ ಗಾಡಿ ನಿಲ್ಲಿಸುವ ಜಾಗ. ಆ ಒಂದೂಕಾಲು ಮೀಟರ್ ತ್ರಿಜ್ಯದ ತಲೆನೋವು ಇಡೀ ಮಾಯ.

ಹಳಿಯೂ ಸಿಗುತ್ತದೆ. ಮೀಟರ್ ಗೇಜ್ 1:87ರಲ್ಲಿ 11.5 ಮಿ.ಮೀ., ಎಚ್‌ಒಎಂನ, ಅಂದರೆ ಎಚ್‌ಒ ಅಳತೆಯ ಮೀಟರ್ ಗೇಜ್‌ನ, 12 ಮಿ.ಮೀ. ಹಳಿ ಸಾಕು. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಮೀಟರ್ ಗೇಜ್ ಆಗಿರುವುದರಿಂದ ಅದರ ಅಭಿಮಾನಿಗಳಿಗಾಗಿ ಯೂರೋಪಿನಲ್ಲಿ ಈ ಹಳಿ, ಪಾಯಿಂಟ್ ಎಲ್ಲ ತಯಾರಾಗುತ್ತದೆ. ಬೆಲೆ ಮಾತ್ರ ಎಚ್‌ಒಗಿಂತ ಜಾಸ್ತಿ. ನನಗೆ ಬೇಕಾಗಿದ್ದದ್ದು ಮೂರೇ ಪಾಯಿಂಟ್, ಹಾಗಾಗಿ ತಡೆದುಕೊಂಡೆ.

ಇಂಜಿನ್ ಎಲ್ಲಿಂದ ತರುತ್ತೀರಿ ಅಂತ ಎಲ್ಲರೂ ನಕ್ಕದ್ದು ಇಲ್ಲೇ. ಟಿಟಿ ಸ್ಕೇಲಿನ (1:120) ಗೇಜು ಕೂಡ 12 ಮಿ.ಮೀ. ತಾನೇ? ಪೂರ್ವ ಜರ್ಮನಿಯ ಕಾಲದ ಬರ್ಲಿನರ್ ಟಿಟಿ ಬಾನೆನ್ ಕಂಪನಿಯ ಮಾಡೆಲ್ ಗಾಡಿಗಳು ಅಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಇನ್ನೂ ಸಿಗುತ್ತವೆ. ಅಣ್ಣನ ಮಗ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದ. ಪ್ರತಿ ಸಲ ಊರಿಗೆ ಬರುವಾಗ ಒಂದೆರಡು ಹಿಡಿದುಕೊಂಡು ಬಂದ, ಒಂದಕ್ಕೆ ಇಪ್ಪತ್ತು ಮೂವತ್ತು ಯೂರೋ. ಮೇಲಿನ ದೇಹ ತೆಗೆದು ಕೆಳಗಿನ ಚಾಸಿ ಇಟ್ಟುಕೊಂಡೆ, 1:87ರ ದೇಹವನ್ನು ಬೆಂಗಳೂರಿನಲ್ಲೇ ರೆಸಿನ್ ಪ್ರಿಂಟ್ ಮಾಡಿಸಿದೆ. ವೈಡಿಎಂ-4 ಅನ್ನುವ ನಮ್ಮ ಮೀಟರ್ ಗೇಜ್ ಡೀಸೆಲ್ ಇಂಜಿನ್‌ಗೆ ಆರು ಆಕ್ಸಲ್‌ನ ಡೀಸೆಲ್ ಚಾಸಿ ಬೇಕು, ಸಿಕ್ಕಿತು. ಮುಂದಿನ ಹಿಂದಿನ ಚಕ್ರಗಳ ಗುಂಪಿನ ನಡುವಿನ ಅಂತರ ಮೂರು ಮಿಲಿಮೀಟರ್ ಆಚೀಚೆ, ಟ್ಯಾಂಕಿನ ನೆರಳಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ವೈಪಿ ಸ್ಟೀಮ್ ಇಂಜಿನ್ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಇದೆ. ಅದರ ದೊಡ್ಡ ಚಕ್ರ 1372 ಮಿ.ಮೀ., 1:87ರಲ್ಲಿ 15.8. ಜರ್ಮನಿಯ 01 ವರ್ಗದ ಚಕ್ರ ಎರಡು ಮೀಟರ್, 1:120ರಲ್ಲಿ 16.7. ಎರಡರಲ್ಲೂ ಚಕ್ರದ ಜೋಡಣೆ 4-6-2, ಅಂದರೆ ಮುಂದೆ ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಎರಡು. ಜರ್ಮನಿಯ ಎಕ್ಸ್‌ಪ್ರೆಸ್ ಇಂಜಿನ್ನಿನ ಟಿಟಿ ಚಾಸಿ ನಮ್ಮ ಮೀಟರ್ ಗೇಜ್ ಇಂಜಿನ್ನಿನ ಕೆಳಗೆ ಹೀಗೆ ಕೂರುತ್ತದೆ ಅಂತ ನನಗಿಂತ ಮುಂಚೆ ನಮ್ಮಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಇದೊಂದು ಸೆಕೆಂಡ್ ಹ್ಯಾಂಡ್‌ನಲ್ಲೂ ಅಗ್ಗಕ್ಕೆ ಸಿಗಲಿಲ್ಲ. ಹದಿಮೂರು ಹದಿನಾಲ್ಕು ಸಾವಿರ ಬಿತ್ತು.

ಸತಾಯಿಸಿದ್ದು ರೈಲ್‌ಬಸ್. ನಾಲ್ಕೇ ಚಕ್ರ, ಹಗುರ ದೇಹ. ಪಾಯಿಂಟ್ ಮೇಲೆ ಬಂದರೆ ನಿಲ್ಲುತ್ತಿತ್ತು, ಬೆರಳಲ್ಲಿ ತಳ್ಳಬೇಕಾಗಿತ್ತು. ಸೀಸ ತುಂಬಿ ಭಾರ ಮಾಡಿದೆ, ಮೋಟಾರ್ ಬಿಸಿಯಾಗಿ ಒಂದು ಸುಟ್ಟೇಹೋಯಿತು. ದೊಡ್ಡ ಕೀಪ್-ಅಲೈವ್ (ಹಳಿಯ ಕರೆಂಟ್ ಕ್ಷಣ ತಪ್ಪಿದರೂ ಮೋಟಾರ್ ಓಡಿಸುವ ಕೆಪಾಸಿಟರ್) ಹಾಕೋಣವೆಂದರೆ ಕಿಟಕಿಯಲ್ಲಿ ಕಪ್ಪಗೆ ಕಾಣುತ್ತಿತ್ತು. ಕೊನೆಗೆ ಪಾಯಿಂಟ್‌ಗಳ ಫ್ರಾಗ್‌ಗೆ (ಹಳಿಗಳು ಒಂದನ್ನೊಂದು ದಾಟುವ ತುಂಡು) ಕರೆಂಟ್ ಕೊಟ್ಟು, ಸಣ್ಣ ಕೀಪ್-ಅಲೈವ್ ಎರಡನ್ನು ಸೀಟುಗಳ ಕೆಳಗೆ ಮಲಗಿಸಿದೆ. ಹಿಂದಿನ ಆಕ್ಸಲ್‌ಗೆ ಇನ್ನೊಂದು ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹತ್ತಿರವೇ ಇರಲಿ. ಈಗ ನಡಿಗೆಯ ವೇಗದಲ್ಲಿ ಮೂರೂ ಪಾಯಿಂಟ್ ದಾಟುತ್ತದೆ. ಸಂಶಯವಿದ್ದವರು ಬಂದು ನೋಡಿದ್ದಾರೆ.

ಅಳತೆಗೆ ಒಂದು ಉಪಾಯ ಹೇಳುತ್ತೇನೆ. ಮೀಟರ್ ಗೇಜ್ ಕಿತ್ತು ಹೋಗಿದೆ, ಉಳಿದಿರುವುದು ಫೋಟೋ ಮಾತ್ರ. ಮೀಟರ್ ಗೇಜ್‌ನಲ್ಲಿ ಒಂದು ಹಳಿ ತುಂಡು 12 ಮೀಟರ್. ಫೋಟೋದಲ್ಲಿ ಫಿಶ್‌ಪ್ಲೇಟ್ (ಹಳಿ ತುಂಡುಗಳನ್ನು ಜೋಡಿಸುವ ಪಟ್ಟಿ) ಎಣಿಸುತ್ತಾ ಹೋಗಿ, ಪ್ಲಾಟ್‌ಫಾರ್ಮ್ ಎಷ್ಟುದ್ದ, ಪಾಯಿಂಟ್ ಎಲ್ಲಿ ಶುರು ಅನ್ನುವುದು ಗೊತ್ತಾಗುತ್ತದೆ. ಎಚ್‌ಒದಲ್ಲಿ ಒಂದು ತುಂಡು 13.8 ಸೆಂ.ಮೀ. ಮರದ ಸ್ಲೀಪರ್ ಆರು ಅಡಿ, ಅದೂ ಕೈಗೆ ಸಿಕ್ಕ ಅಳತೆಗೋಲೇ. ಕಟ್ಟಡಕ್ಕೆ ಅರಸಾಳಿಗೆ ಹೋದೆ. ಅದೇ ಲೈನಿನ ಹಳೇ ನಿಲ್ದಾಣವನ್ನು ದುರಸ್ತಿ ಮಾಡಿ ಈಗ ಮ್ಯೂಸಿಯಂ ಮಾಡಿದ್ದಾರೆ. ಬಾಗಿಲು, ಕಿಟಕಿ, ಸೂರಿನ ಇಳಿಜಾರು, ಹೆಂಚಿನ ಸಾಲು, ಎಲ್ಲ ಬರೆದುಕೊಂಡು ಬಂದೆ. ನಿಜವಾದ ಲೂಪ್ ಲೈನಿನ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ) ಉದ್ದವನ್ನು ಮೂರನೇ ಒಂದಕ್ಕೆ ಇಳಿಸಿದ್ದೇನೆ, ಕಟ್ಟಡವನ್ನು ಮಾತ್ರ ಒಂದು ಮಿಲಿಮೀಟರೂ ಕುಗ್ಗಿಸಿಲ್ಲ. ನೋಡುವವರ ಕಣ್ಣು ಕಟ್ಟಡದ ಅಳತೆ ಹಿಡಿಯುತ್ತದೆ, ಹಳಿಯದ್ದಲ್ಲ.

ಮಣ್ಣಿಗೆ ಸಾಗರದ ಕಡೆಯ ಕೆಂಪು ಮಣ್ಣೇ ಆಗಬೇಕು ಅಂತ ಹಟ. ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿದೆ. ವಾರದೊಳಗೆ ಇಂಜಿನ್ ಕರಕರ ಅನ್ನತೊಡಗಿತು. ಬಿಚ್ಚಿ ನೋಡಿದರೆ ಮೋಟಾರಿನ ಅಯಸ್ಕಾಂತಕ್ಕೆ ಕೆಂಪು ಪುಡಿ ಮೆತ್ತಿದೆ. ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ಅಂಶ ತುಂಬಾ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನ ಮೇಲೆ ಆಡಿಸಿ, ಹಿಡಿದದ್ದನ್ನೆಲ್ಲ ಎಸೆದು, ಮತ್ತೆ ಹಾಕಿದೆ. ಆಮೇಲೆ ತೊಂದರೆ ಇಲ್ಲ.

ಅಡಿಕೆ ಮರ ಇನ್ನೊಂದು ಕಥೆ. ಹದಿನೈದು ಮೀಟರಿನ ಮರ ಎಚ್‌ಒದಲ್ಲಿ 17 ಸೆಂ.ಮೀ. ಅಂಗಡಿಯ ಪ್ಲಾಸ್ಟಿಕ್ ತೆಂಗಿನ ಮರ ತಂದು ನೋಡಿದೆ, ಗೋವಾದ ಬೀಚಿನ ಹಾಗೆ ಕಂಡಿತು. ಅಡಿಕೆ ನೆಟ್ಟಗೆ, ಸಪೂರ, ತುದಿಯಲ್ಲಿ ಸೋಗೆ ಸ್ವಲ್ಪವೇ. ತಾಮ್ರದ ತಂತಿ, ಮೇಲೆ ತೆಳು ಹಸಿರು ಪಟ್ಟಿ, ಹೊಸೆದು ಕತ್ತರಿಯಲ್ಲಿ ಸೀಳಿದ ಕಾಗದದ ಸೋಗೆ. ನೂರೈವತ್ತರ ಹತ್ತಿರ ಮಾಡಿರಬೇಕು. ಹೆಂಡತಿ ಸೀರಿಯಲ್ ನೋಡುತ್ತಾ ಅರ್ಧದಷ್ಟು ಸೀಳಿಕೊಟ್ಟಳು. ನಡುವೆ ಹಳದಿ ಎಲೆ ರೋಗ ಬಂದ ನಾಲ್ಕೈದು ಮರ ಇಟ್ಟಿದ್ದೇನೆ. ಮಲೆನಾಡಿನವರು ಬಂದರೆ ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ಮಂಜು ಬರಿಸಲು ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಕೂಡ ಇಟ್ಟು ನೋಡಿದೆ. ಕಣ್ಣಿಗೆ ಸೊಗಸು, ಹಳಿಗೆ ಕೇಡು. ಮೂರನೇ ದಿನ ತೆಗೆದೆ.

ಈಗ ಮುಖ್ಯ ಮಾತು. ಒಂದು ರೂಪಾಯಿ ಖರ್ಚು ಮಾಡುವ ಮೊದಲು ನಾನು ಪ್ರತಿ ಲೈನಿಗೂ ಒಂದು ಹಾಳೆಯಲ್ಲಿ ಒಂದು ದಿನದ ಕೆಲಸ ಬರೆದೆ. ಯಾವ ಗಾಡಿ ಬರುತ್ತದೆ, ಬಂದಮೇಲೆ ಏನು ಮಾಡುತ್ತದೆ, ನನ್ನ ಕೈಗೆ ಏನು ಕೆಲಸ. ಘಾಟಿಯ ಹಾಳೆಯಲ್ಲಿ ಬರೀ "ಹೋಯಿತು, ಬಂತು". ತಾಳಗುಪ್ಪದ ಹಾಳೆ ತುಂಬಿತು. ಬೋಗಿ, ಗೂಡ್ಸ್ ವ್ಯಾಗನ್ ಎರಡೂ ಇರುವ ಮಿಕ್ಸೆಡ್ ಗಾಡಿ ಬರುತ್ತದೆ. ಇಂಜಿನ್ ಬಿಚ್ಚಬೇಕು, ಲೂಪ್‌ನಲ್ಲಿ ಸುತ್ತಿ ಇನ್ನೊಂದು ತುದಿಗೆ ಬರಬೇಕು, ವ್ಯಾಗನ್ ಎರಡನ್ನು ಗೂಡ್ಸ್ ಶೆಡ್ಡಿಗೆ ತಳ್ಳಬೇಕು, ಖಾಲಿಯಾದದ್ದನ್ನು ಎಳೆದು ಗಾರ್ಡ್ ಕೂರುವ ಬ್ರೇಕ್ ವ್ಯಾನಿನ ಮುಂದೆ ಜೋಡಿಸಬೇಕು. ಒಬ್ಬನೇ ಕೂತು ಮಾಡಿದರೆ ಮುಕ್ಕಾಲು ಗಂಟೆ ಬೇಕು. ಆ ಹಾಳೆಯನ್ನು ಊಟದ ಮೇಜಿನ ಮೇಲೆ ರಟ್ಟಿನ ತುಂಡುಗಳಿಂದ ಆಡಿ ನೋಡಿದೆ. ರಟ್ಟಲ್ಲೇ ಬೇಜಾರು ಬರುವ ಲೈನು ಹಿತ್ತಾಳೆಯಲ್ಲಿ ಮಾಡಿದರೂ ಬೇಜಾರೇ.

ರೈಲ್‌ಬಸ್ಸಿಗೆ ಕೆಲಸ ಕಮ್ಮಿ, ಗೆಳೆಯರು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಅದಕ್ಕೇ ಎರಡು ಕಾಲ ಇಟ್ಟುಕೊಂಡೆ. ಎಪ್ಪತ್ತರ ದಶಕದಲ್ಲಿ ವೈಪಿ ಮತ್ತು ಮಿಕ್ಸೆಡ್ ಗಾಡಿ, ತೊಂಬತ್ತರ ಕೊನೆಯಲ್ಲಿ ರೈಲ್‌ಬಸ್. ಕಾಲ ಬದಲಿಸಲು ಜೀಪು, ಎತ್ತಿನ ಗಾಡಿ, ಗೋಡೆಯ ಪೋಸ್ಟರ್ ಎತ್ತಿ ಬೇರೆಯದನ್ನು ಇಡುತ್ತೇನೆ. ಹತ್ತು ನಿಮಿಷದ ಕೆಲಸ.

ಒಟ್ಟು ಖರ್ಚು ತೊಂಬತ್ತು ಸಾವಿರದ ಆಸುಪಾಸು, ಸುಟ್ಟ ಮೋಟಾರ್ ಸೇರಿಸಿ. ಘಾಟಿಗೆ ಸುರಿದದ್ದರ ಅರ್ಧಕ್ಕೆ ಸ್ವಲ್ಪ ಜಾಸ್ತಿ. 12 ಮಿ.ಮೀ. ಮೆರೈನ್ ಪ್ಲೈ ಎರಡೂ ಕಡೆ ವಾರ್ನಿಷ್ ಹೊಡೆದದ್ದು, ಅದರಲ್ಲಿ ಉಳಿತಾಯ ಮಾಡಬೇಡಿ. ಮುಂದಿನ ಹಲಗೆ ಅರಸಾಳು, ಅಳತೆ ಹೇಗೂ ಇದೆ. ಎರಡು ಪಾಯಿಂಟ್, ಒಂದು ದಾಟುವ ಲೂಪ್, ಹಿಂದೆ ಕಾಡು. ವೈಡಿಎಂ-4ಕ್ಕೆ ಇಂಜಿನ್ನಿನ ಸದ್ದು ಬರಿಸುವ ಸೌಂಡ್ ಡಿಕೋಡರ್ ಹಾಕುವುದು ಅದಾದಮೇಲೆ.